ಎರಡು ಬಗೆಯ ಒಂದೂವರೆ ಇಂಚು

ಪೈಪು ಪಂಪಿನ ಬಾಯೊಳಗೆ ಹೋಯಿತು. ಹೋಗಿ ಲೊಡಲೊಡ ಅಲ್ಲಾಡಿತು. ಕೈಬಿಟ್ಟ ಕೂಡಲೇ ಹೊರಗೆ ಜಾರಿ ನೆಲಕ್ಕೆ ಬಿತ್ತು. ಪ್ಲಂಬರ್ ಚೇಟ್ಟ ಅದನ್ನು ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿ, “ಇದು ಒನ್ನರ ತನ್ನೆ, ಮೇಡಂ,” ಅಂದರು. ಚೇಟ್ಟ ಅಂದರೆ ಮಲಯಾಳಂನಲ್ಲಿ ಅಣ್ಣ, ಒನ್ನರ ತನ್ನೆ ಅಂದರೆ ಒಂದೂವರೆಯೇ. ಗೋಡೆಯಿಂದ ಬಂದ ಪೈಪೂ ಒಂದೂವರೆ ಇಂಚಿನದು. ಪಂಪಿನ ಬಾಯಿಯೂ ಒಂದೂವರೆ ಇಂಚಿನದೇ ಎಂದು ನಂಬಿಯೇ ನಾವು ಅದನ್ನು ಹೊರದೇಶದಿಂದ ತರಿಸಿದ್ದೆವು. ಆ ಬಾಯಿಯ ಅಂಚಿನಲ್ಲಿ ಅಚ್ಚಾಗಿದ್ದದ್ದು ಮಾತ್ರ ಐವತ್ತು ಎಂಬ ಅಂಕಿ, ಅದೂ ಮಿಲಿಮೀಟರಿನಲ್ಲಿ.

ಕ್ಯಾಲಿಪರ್ ತಂದು ಅಳೆದೆ. ಗೋಡೆಯ ಪೈಪಿನ ಹೊರಮೈ ನಲವತ್ತೆಂಟು ಮಿಲಿಮೀಟರು ಮತ್ತು ಒಂಚೂರು. ಪಂಪಿನ ಬಾಯಿಯ ಒಳಮೈ ಸರಿಯಾಗಿ ಐವತ್ತು. ನಡುವಿನ ಅಂತರ ಒಂದು ಅಕ್ಕಿಕಾಳಿನ ದಪ್ಪ. ಅಷ್ಟೇ ತಾನೆ ಎನ್ನಬಹುದು. ಆದರೆ ಪೈಪಿನ ಅಂಟು ತುಂಬುವ ಅಂಟಲ್ಲ, ಕರಗಿಸುವ ಅಂಟು. ಎರಡು ಪ್ಲಾಸ್ಟಿಕ್ ಮೈಗಳು ಒಂದಕ್ಕೊಂದು ಒತ್ತಿ ನಿಂತರೆ ಮಾತ್ರ ಅದು ಎರಡನ್ನೂ ಕರಗಿಸಿ ಒಂದು ಮಾಡುತ್ತದೆ. ಸಂದು ಬಿದ್ದಲ್ಲಿ ಅದು ಬರೀ ಕೆನೆಯಂತೆ ಕೂತು, ಒಣಗಿ, ಬಿರುಕು ಬಿಡುತ್ತದೆ.

ನಾನು ಆಗ ಕೊಚ್ಚಿಯ ಒಂದು ಸರ್ಕಾರಿ ಸಂಶೋಧನಾ ಘಟಕದಲ್ಲಿ ಗುತ್ತಿಗೆಯ ಮೇಲಿದ್ದ ತಾಂತ್ರಿಕ ಸಹಾಯಕಿ. ಕಿಟಕಿಯ ಆಚೆ ಹಿನ್ನೀರು, ಅದರಾಚೆ ವಲ್ಲಾರ್ಪಾಡಂನ ಕಂಟೇನರ್ ಕ್ರೇನುಗಳು. ಕಿಟಕಿಯ ಈಚೆ ನನ್ನ ತೊಟ್ಟಿಗಳು. ಅವುಗಳಲ್ಲಿ ಕಿತ್ತಳೆ ಬಣ್ಣದ ಕ್ಲೌನ್ ಮೀನಿನ ಜೋಡಿಗಳು, ಒಂದೊಂದು ಜೋಡಿಗೂ ಮನೆಯಾಗಿ ಒಂದೊಂದು ಅನಿಮೋನ್. ಅನಿಮೋನ್ ಅಂದರೆ ಗಿಡವಲ್ಲ, ಹೂವಿನ ಹಾಗೆ ಅರಳಿ ಮುಚ್ಚುವ ಪ್ರಾಣಿ. ನಾನು ಅವನ್ನು ಕಡಲಹೂವು ಎಂದೇ ಕರೆಯುತ್ತಿದ್ದೆ. ಮೀನು ಅದರ ಬುಡದಲ್ಲಿ ಮೊಟ್ಟೆ ಇಡುತ್ತದೆ, ಮರಿಗಳನ್ನು ನಾವು ಬೇರೆ ಮಾಡಿ ಸಾಕುತ್ತೇವೆ. ಒಂದು ಹಂತಕ್ಕೆ ಬಂದ ಮೇಲೆ ಹಿನ್ನೀರಿನ ಒಂದು ದ್ವೀಪದ ಹೆಂಗಸರ ಸಂಘ ಅವನ್ನು ಕೊಂಡೊಯ್ದು, ಮನೆಯ ಹಿತ್ತಿಲಲ್ಲಿ ತೊಟ್ಟಿ ಇಟ್ಟುಕೊಂಡು ಬೆಳೆಸಿ ಅಕ್ವೇರಿಯಂ ಅಂಗಡಿಗಳಿಗೆ ಮಾರುತ್ತದೆ. ಆ ಸಂಘದ ಮುಂದಾಳನ್ನು ನಾವೆಲ್ಲ ಚೇಚಿ ಅನ್ನುತ್ತಿದ್ದೆವು, ಅಕ್ಕ ಎಂದು. ನಮ್ಮ ತೊಟ್ಟಿ ನಿಂತರೆ ಚೇಚಿಯ ಹಿತ್ತಿಲೂ ಖಾಲಿ.

ಹಳೆಯ ಪಂಪು ಸತ್ತಿತ್ತು. ಉಪ್ಪುನೀರು ಅದರ ದಂಡವನ್ನು ತಿಂದು ಮುಗಿಸಿತ್ತು. ಗಾಳಿ ಊದುವ ಪುಟ್ಟ ಯಂತ್ರಗಳನ್ನು ಹಾಕಿ, ಬಕೆಟಿನಲ್ಲಿ ನೀರು ಬದಲಿಸುತ್ತ ನಾನು, ಚೇಚಿ ತೊಟ್ಟಿಗಳನ್ನು ಹೇಗೋ ನಡೆಸುತ್ತಿದ್ದೆವು. ಹೊಸ ಪಂಪು ಪೂರ್ತಿ ಪ್ಲಾಸ್ಟಿಕ್ಕಿನದು, ಒಳಗಿನ ದಂಡ ಪಿಂಗಾಣಿಯದು. ನೀರಿಗೆ ಲೋಹ ಎಲ್ಲೂ ತಾಗುವುದಿಲ್ಲ. ಅದಕ್ಕೇ ಅದು ಬೇಕಿತ್ತು. ಬಾವಿಗೆ ಹಾಕುವ ಮೋಟರಿನಲ್ಲಿ ಹಿತ್ತಾಳೆ ಇರುತ್ತದೆ, ಹಿತ್ತಾಳೆಯಲ್ಲಿ ತಾಮ್ರ, ಮತ್ತು ತಾಮ್ರ ಒಂಚೂರು ಕರಗಿದರೂ ಕಡಲಹೂವು ಮುದುಡಿ ಕೊಳೆತು ಹೋಗುತ್ತದೆ.

ಇಷ್ಟನ್ನೂ ನಾನು ಫೋನಿನಲ್ಲಿ ಖರೀದಿ ಅಧಿಕಾರಿಗೆ ಹೇಳಿದೆ. ಅವರು ಕೂರುವುದು ತಿರುವನಂತಪುರದ ಪಟ್ಟಂನಲ್ಲಿರುವ ನಮ್ಮ ಮುಖ್ಯ ಕಚೇರಿಯಲ್ಲಿ. ಮೈಸೂರಿನವರು. ಇಡೀ ಸಂಸ್ಥೆಯಲ್ಲಿ ಕನ್ನಡ ಮಾತಾಡುತ್ತಿದ್ದವರು ನಾವಿಬ್ಬರೇ. ಅವರ ಮಾತು ಬೆಣ್ಣೆಯಲ್ಲಿ ಅದ್ದಿದ್ದು, ನನ್ನದು ನವಲಗುಂದದ ಕಡೆಯ ಒರಟು ಮಾತು.

“ಏನ್ ಮೇಡಂ, ಕೂತ್ಕೊಳ್ತಾ ಪೈಪು?”

“ಇಲ್ರಿ ಸರ. ಪಂಪಿನ ಬಾಯಿ ದೊಡ್ಡದೈತಿ. ಜೋಡಸಾಕ ಏನರ ದಾರಿ ಹುಡುಕ್ತೀನಿ.”

“ಹುಡುಕಿ, ಬೇಡ ಅನ್ನಲ್ಲ. ಆದ್ರೆ ಒಂದ್ ಮಾತು, ಅಂಟು ಮಾತ್ರ ಹಾಕ್ಬೇಡಿ. ಅಂಟು ಮುಟ್ಟಿದ್ರೆ ಕಂಪನಿಯವ್ರು ವಾಪಸ್ ತಗೊಳಲ್ಲ. ಆಗ್ಲಿಲ್ಲ ಅಂದ್ರೆ ಗಡುವಿನ ಒಳಗೆ ಕಳಿಸ್ಬಿಡೋಣ. ಇನ್ನೊಂದ್ ಪಂಪ್ ಅಂತೂ ಈ ಯೋಜನೇಲಿ ಬರಲ್ಲ, ಮೊದ್ಲೇ ಹೇಳಿರ್ತೀನಿ.”

“ಮತ್ತ ಮೀನು?”

“ಅದಕ್ಕೇನಂತೆ, ಇಲ್ಲಿಗೇ ತಂದ್ಬಿಡೋಣ. ನೀವು ಸುಮ್ನೆ ತಲೆ ಕೆಡಿಸ್ಕೋಬೇಡಿ.”

ತಲೆ ಕೆಡಿಸಿಕೊಳ್ಳಬೇಡಿ ಎಂದು ಯಾರಾದರೂ ಹೇಳಿದರೆ ನನ್ನ ತಲೆ ಅವತ್ತೇ ಕೆಡುತ್ತದೆ. ಪಂಪು ಹೋದರೆ ಘಟಕ ಮುಚ್ಚುತ್ತದೆ. ಮೊಟ್ಟೆ ಇಡುವ ಜೋಡಿಯನ್ನು ಅದರ ಹೂವಿನಿಂದ ಕಿತ್ತು ಇನ್ನೆಲ್ಲೋ ಬಿಟ್ಟರೆ ಅದು ಬದುಕೀತು, ಆದರೆ ಮತ್ತೆ ಮೊಟ್ಟೆ ಇಡುತ್ತದೆಂದು ನಾನಂತೂ ನಂಬುವುದಿಲ್ಲ. ಆ ಜೋಡಿಗಳನ್ನು ಕೂಡಿಸಲು ಎಷ್ಟು ಜಗಳ ಬಿಡಿಸಿದ್ದೇನೆಂದು ನನಗೇ ಗೊತ್ತು. ಕಳಿಸುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಮೊದಲ ಉಪಾಯ ಚೇಟ್ಟನದು. ಪೈಪಿನ ತುದಿಯನ್ನು ಕಾಯಿಸಿ ಹಿಗ್ಗಿಸುವುದು. ಸ್ಟೋವಿನ ಮೇಲೆ ತಿರುಗಿಸಿ ತಿರುಗಿಸಿ ಮೆತ್ತಗಾದ ಮೇಲೆ, ಅದರೊಳಗೆ ಒಂದು ಸ್ಟೀಲ್ ಲೋಟ ಒತ್ತಿ, ಒದ್ದೆ ಬಟ್ಟೆ ಸುತ್ತಿ ತಣಿಸಿದರು. ನೋಡಲು ಚೆನ್ನಾಗಿಯೇ ಬಂತು. ಅಳೆದರೆ ಒಂದು ಕಡೆ ಐವತ್ತು, ಇನ್ನೊಂದು ಕಡೆ ಐವತ್ತೊಂದು, ಗುಂಡಗೆ ಇರಬೇಕಾದದ್ದು ಮೊಟ್ಟೆಯಾಕಾರ. ಹಿಗ್ಗಿದಲ್ಲಿ ಪೈಪು ತೆಳುವೂ ಆಗಿತ್ತು. ಅರದಿಂದ ಉಜ್ಜಿ, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಒತ್ತಿ ಕೂರಿಸಿ ಪಂಪು ಚಾಲೂ ಮಾಡಿದೆವು. ಸ್ವಲ್ಪ ಹೊತ್ತು ನೀರು ಏರಿತು. ಚೇಚಿ ಕೈ ಮುಗಿಯುವ ಹೊತ್ತಿಗೆ ಪೈಪು ಟಪ್ಪೆಂದು ಹಾರಿ, ಉಪ್ಪುನೀರು ಗೋಡೆಗೆ, ಸ್ವಿಚ್ಚಿನ ಹಲಗೆಗೆ, ನಮ್ಮ ಮುಖಕ್ಕೆ ಹೊಡೆಯಿತು. ಕರೆಂಟು ಹೋಯಿತು.

“ಕುಳಿ ಕಳಿಞ್ಞು,” ಅಂದರು ಚೇಚಿ ಸೀರೆ ಹಿಂಡಿಕೊಳ್ಳುತ್ತ. ಸ್ನಾನ ಮುಗಿಯಿತು ಎಂದರ್ಥ. ನನಗೆ ನಗು ಬರಲಿಲ್ಲ. ನನ್ನೂರಿನ ಬೈಗುಳ ಒಂದೆರಡು ಬಾಯಿಗೆ ಬಂದವು. ಭಾಷೆ ತಿಳಿಯದಿದ್ದರೂ ಅರ್ಥ ಇಬ್ಬರಿಗೂ ಆಯಿತು.

ಎರಡನೆಯದು ನನ್ನ ಉಪಾಯ. ದಪ್ಪ ರಬ್ಬರ್ ಹೋಸ್ ತಂದು, ಎರಡೂ ತುದಿಗೆ ಕ್ಲಾಂಪು ಬಿಗಿಯುವುದು. ಆದರೆ ಪಂಪಿನ ಬಾಯಿ ಪೈಪನ್ನು ತನ್ನೊಳಗೆ ನುಂಗುವಂಥದ್ದು. ಹೊರಗಿನಿಂದ ಹೋಸ್ ಹಿಡಿಯಲು ಅಲ್ಲಿ ಮೂಗೂ ಇಲ್ಲ, ತುಟಿಯೂ ಇಲ್ಲ. ಹೋಸನ್ನೇ ಒಳಗೆ ತುರುಕಿದರೆ ಹೀರುವ ಕಡೆಯಿಂದ ಗಾಳಿ ಎಳೆದುಕೊಂಡು ಪಂಪು ಒಣಗಿ ಕಿರುಚಿತು. ನೀರಿಲ್ಲದೆ ಓಡಿದರೆ ಪಿಂಗಾಣಿ ದಂಡ ಒಡೆಯುತ್ತದೆ. ಓಡಿ ಹೋಗಿ ನಿಲ್ಲಿಸಿದೆ.

ಉಳಿದದ್ದು ಐವತ್ತನ್ನು ಒಂದೂವರೆಗೆ ತರುವ ಜೋಡಣೆ ಎಲ್ಲಾದರೂ ಸಿಗುತ್ತದೆಯೇ ನೋಡುವುದು. ಮಟ್ಟಾಂಚೇರಿಯ ಹಾರ್ಡ್‌ವೇರ್ ಅಂಗಡಿಗಳನ್ನು ಒಂದೂ ಬಿಡದೆ ಹತ್ತಿಳಿದೆ. ಕೈಯಲ್ಲಿ ಕ್ಯಾಲಿಪರ್. ಕೇಳಿದಲ್ಲೆಲ್ಲ ನನ್ನ ಮುಂದೆ ತಂದಿಟ್ಟದ್ದು ಅದೇ ಒನ್ನರ. ಐವತ್ತು ಎಂಎಂ ಬೇಕು ಅಂದರೆ, “ಅದು ತಾನೇ ಒನ್ನರ,” ಅನ್ನುತ್ತಿದ್ದರು. ಅಳೆದರೆ ನಲವತ್ತೆಂಟು. ಒಬ್ಬ ಅಂಗಡಿಯವರಿಗೆ ಕೊನೆಗೆ ಸಿಟ್ಟು ಬಂತು. “ಮೇಡಂ ಪೈಪ್ ವಾಙ್ಙಾನೋ ಪರೀಕ್ಷ ನಡತ್ತಾನೋ?” ಪೈಪು ಕೊಳ್ಳಲು ಬಂದದ್ದೋ, ಪರೀಕ್ಷೆ ನಡೆಸಲು ಬಂದದ್ದೋ.

“ಪರೀಕ್ಷೆಗೇ ಬಂದೀನಿ, ಎಲ್ಲಾರೂ ಫೇಲು,” ಎಂದು ಕನ್ನಡದಲ್ಲೇ ಹೇಳಿ ಹೊರಬಿದ್ದೆ.

ಅಷ್ಟರಲ್ಲಿ ಪಟ್ಟಂನಿಂದ ಕರೆ ಬಂತು. ಬಂದು ಖುದ್ದಾಗಿ ವಿವರಿಸಬೇಕಂತೆ. ಪಂಪಿಗೆ ಎರಡು ಬಾಯಿ, ನೀರು ಹೀರಲು ಒಂದು, ಬಿಡಲು ಒಂದು; ಅವುಗಳಲ್ಲಿ ಒಂದನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಈ ಪಂಪಿನ ಬಾಯಿ ಬೇರೆ ತುಂಡು. ಪೈಪನ್ನು ಆ ತುಂಡಿಗೆ ಅಂಟಿಸಬೇಕು, ತುಂಡನ್ನು ದೊಡ್ಡ ತಿರುಪಿನಿಂದ ಪಂಪಿಗೆ ಬಿಗಿಯಬೇಕು. ಪಂಪು ಕೆಟ್ಟರೆ ತಿರುಪು ಬಿಚ್ಚಿ ಪಂಪನ್ನಷ್ಟೇ ಹೊರಗೆ ತೆಗೆಯಬಹುದು.

ಖರೀದಿ ಅಧಿಕಾರಿ ನನ್ನನ್ನು ಪ್ರೀತಿಯಿಂದಲೇ ಬರಮಾಡಿಕೊಂಡರು. “ಬನ್ನಿ ಬನ್ನಿ, ಮೊದ್ಲು ಕಾಫಿ ಕುಡೀರಿ,” ಅಂದರು. ಕಾಫಿ ಮುಗಿದ ಮೇಲೆ ಮುಂದಿನ ಹಾಲಿಗೆ ಕರೆದುಕೊಂಡು ಹೋದರು. ಅಲ್ಲಿ ಸ್ವಾಗತದ ಮೇಜಿನ ಹಿಂದೆ ಹೊಸ ಗಾಜಿನ ತೊಟ್ಟಿ. ಒಳಗೆ ನೀಲಿ ದೀಪ, ನೀಲಿ ಕಲ್ಲು, ಗುಲಾಬಿ ಬಣ್ಣದ ಪ್ಲಾಸ್ಟಿಕ್ ಕಡಲಹೂವು. ನೀರು ತುಂಬುವುದೊಂದೇ ಬಾಕಿ.

“ನಿಮ್ ಮೀನಿಗೇ ಅಂತ ರೆಡಿ ಮಾಡ್ಸಿರೋದು. ಬಂದೋರಿಗೆಲ್ಲ ಕಾಣತ್ತೆ. ಅಲ್ಲಿ ಮೂಲೇಲಿದ್ರೆ ಯಾರ್ ನೋಡ್ತಾರೆ ಹೇಳಿ?”

“ನೋಡಾಕ ಇಟ್ಟಿಲ್ರಿ ಸರ. ಮರಿ ಮಾಡ್ಸಾಕ ಇಟ್ಟೀವಿ.”

“ಮರಿ ಇಲ್ಲೂ ಹಾಕತ್ತೆ, ಬಿಡಿ.”

“ಪ್ಲಾಸ್ಟಿಕ್ ಹೂವಿನ್ಯಾಗ?”

ಅವರು ಮುಗುಳ್ನಕ್ಕರು. ನನಗೆ ಮೈಯೆಲ್ಲ ಉರಿದು ಹೋಯಿತು. ಪೈಪಿನ ಅಳತೆ ತಪ್ಪಿದ್ದು ಇವರಿಗೆ ತೊಂದರೆಯೇ ಆಗಿರಲಿಲ್ಲ, ಅನುಕೂಲವೇ ಆಗಿತ್ತು. ಇನ್ನೊಂದು ಮಾತಾಡಿದರೆ ಏನಾದರೂ ಅಂದುಬಿಡುತ್ತೇನೆ ಅನ್ನಿಸಿ ಹಿಂದಿನ ಬಾಗಿಲಿನಿಂದ ಅಂಗಳಕ್ಕೆ ಬಂದೆ.

ಅಲ್ಲಿ ಬಾವಿಕಟ್ಟೆಯ ಹತ್ತಿರ ತೋಟಕ್ಕೆ ನೀರು ಬಿಡುವ ಪೈಪುಗಳು ಬಿದ್ದಿದ್ದವು. ತೆಳ್ಳಗಿನ, ಬೂದು ಬಣ್ಣದವು. ಸಿಟ್ಟು ಇಳಿಸಿಕೊಳ್ಳಲು ಏನಾದರೂ ಕೆಲಸ ಬೇಕಿತ್ತು. ಚೀಲದಿಂದ ಪಂಪಿನ ಬಾಯಿ ತೆಗೆದು ಒಂದು ಪೈಪಿನ ತುದಿಗೆ ಒತ್ತಿದೆ. ಅರ್ಧದವರೆಗೆ ಹೋಗಿ ಗಟ್ಟಿಯಾಗಿ ನಿಂತಿತು. ಎಳೆದರೆ ಬರಲಿಲ್ಲ. ತಿರುಗಿಸಿ ಎಳೆದೆ. ಕ್ಯಾಲಿಪರ್ ಹಿಡಿದೆ. ಐವತ್ತು. ಪೈಪಿನ ಮಣ್ಣು ಒರೆಸಿದರೆ ಅಲ್ಲೂ ಅಚ್ಚಾಗಿತ್ತು, ಐವತ್ತು ಎಂಎಂ. ತೋಟ ನೋಡಿಕೊಳ್ಳುವವರು ಅಲ್ಲೇ ಇದ್ದರು. ಇದು ಯಾವ ಪೈಪು ಎಂದು ಕೇಳಿದೆ.

“ಒನ್ನರ,” ಅಂದರು.

ನಾನು ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ. ಒನ್ನರ ಒಂದಲ್ಲ, ಎರಡು. ಮನೆಯೊಳಗಿನ ನಲ್ಲಿಗೆ ಹಾಕುವ ಒನ್ನರ ನಿಜವಾದ ಇಂಚಿನ ಲೆಕ್ಕದ್ದು. ಹೊಲತೋಟಕ್ಕೆ ಹಾಕುವ ಒನ್ನರ ಹುಟ್ಟಿನಿಂದಲೇ ಮಿಲಿಮೀಟರಿನದು, ಬಾಯಿ ಮಾತಿಗೆ ಇಂಚು. ನನ್ನೂರಲ್ಲೂ ಹೊಲದ ಪೈಪಿಗೆ ಒಂದೂವರಿ ಪೈಪು ಅಂತಲೇ ಹೆಸರು. ಪಂಪಿಗೆ ಆರ್ಡರ್ ಹಾಕುವಾಗ ಚೇಟ್ಟನನ್ನು ಕೇಳಿದ್ದೆ, ಐವತ್ತು ಎಂಎಂ ಅಂದರೆ ಒಂದೂವರೆ ತಾನೇ ಎಂದು. ಹೌದು ಅಂದಿದ್ದರು. ಅವರು ಹೇಳಿದ್ದು ಸುಳ್ಳಲ್ಲ, ನಾನು ಕೇಳಿದ್ದು ಸುಳ್ಳಲ್ಲ. ಹೆಸರು ಒಂದೇ, ಸಂಬಂಧ ಮಾತ್ರ ಇಲ್ಲ. ಮಟ್ಟಾಂಚೇರಿಯಲ್ಲಿ ನಾನು ಹತ್ತಿದ್ದೆಲ್ಲ ನಲ್ಲಿ ಸಾಮಾನಿನ ಅಂಗಡಿಗಳು.

ಅಲ್ಲಿಂದ ಎದ್ದು ನೇರ ಕೃಷಿ ಪಂಪು ಮಾರುವ ಅಂಗಡಿಗೆ ಹೋದೆ. ಐವತ್ತರ ಪೈಪು ಕೇಳಿದೊಡನೆ ಕೊಟ್ಟರು. ಇನ್ನು ಅದನ್ನು ಗೋಡೆಯ ಇಂಚಿನ ಪೈಪಿಗೆ ತರಬೇಕು. ಅದಕ್ಕೆ ತಿರುಪು ಸಾಕೆಂದು ಅಂಗಡಿಯಲ್ಲೇ ಹೊಳೆಯಿತು. ಪೈಪಿನ ಮೈ ಬೇರೆ ಬೇರೆ ಅಳತೆಯದಾದರೂ ತಿರುಪಿನ ಅಳತೆ ಎರಡು ಕುಲಕ್ಕೂ ಒಂದೇ, ಅದು ಇಂಚಿನದೇ. ಹೊಲದ ಪೈಪಿನ ತುದಿಗೆ ಹೊರತಿರುಪು, ಮನೆಯ ಪೈಪಿನ ತುದಿಗೆ ಒಳತಿರುಪು, ಒಂದರೊಳಗೆ ಇನ್ನೊಂದನ್ನು ತಿರುಗಿಸಿದರೆ ಮುಗಿಯಿತು. ಅಂಗಡಿಯವರು ಗಟ್ಟಿಮುಟ್ಟಾದದ್ದು ಎಂದು ಒಳಗೆ ಹಿತ್ತಾಳೆ ಕೂರಿಸಿದ ಒಳತಿರುಪು ತೆಗೆದಿಟ್ಟರು. ಬೇಡ, ಬರೀ ಪ್ಲಾಸ್ಟಿಕ್ ಕೊಡಿ ಅಂದೆ. ಇದು ನೂರು ವರ್ಷ ಬಾಳುತ್ತದೆ ಅಂದರು. ಅದು ಬಾಳುತ್ತದೆ, ನನ್ನ ಹೂವು ಬಾಳುವುದಿಲ್ಲ ಅಂದೆ. ಗೋದಾಮಿನಲ್ಲಿ ಹುಡುಕಿಸಿ, ಧೂಳು ಹಿಡಿದ ಪ್ಲಾಸ್ಟಿಕ್ಕಿನ ಜೋಡಿಯನ್ನೇ ತೆಗೆಸಿಕೊಂಡು ಸಂಜೆಯ ರೈಲು ಹತ್ತಿದೆ. ಪೈಪು ಸೀಟಿನ ಕೆಳಗೆ ಹಿಡಿಸದೆ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದೆ.

ಮರುದಿನ ಮೊದಲು ಅಂಟು ಹಾಕದೆಯೇ ಎಲ್ಲವನ್ನೂ ಜೋಡಿಸಿ ನೋಡಿದೆವು. ಗೋಡೆಯಿಂದ ಪಂಪಿನವರೆಗೆ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂತವು. ಆದರೆ ಪಂಪಿನ ಬಾಯಿಗೆ ಹೋಗುವ ತುಂಡನ್ನು ಅಂಟಿಸದೆ ಬೇರೆ ದಾರಿಯೇ ಇಲ್ಲ. ಚೇಟ್ಟ ಅಂಟಿನ ಡಬ್ಬಿ ಕೆಳಗಿಟ್ಟು ಹಿಂದೆ ಸರಿದರು.

“ಸರ್ ಬೇಡ ಎಂದಿದ್ದಾರೆ. ನಾನು ಕೈ ಹಾಕಿದರೆ ನಾಳೆಯಿಂದ ನನಗೆ ಇಲ್ಲಿ ಕೆಲಸವಿಲ್ಲ, ಮೇಡಂ.”

ಅದು ನ್ಯಾಯವೇ. ಚೇಚಿ ನನ್ನ ಮುಖ ನೋಡಿದರು. “ವಿಳಿಕ್ಕಂಡೇ, ಮೋಳೆ?” ಫೋನು ಮಾಡಿ ಕೇಳುವುದು ಬೇಡವೇ, ಮಗಳೇ.

ಕೇಳಿದರೆ ಏನು ಉತ್ತರ ಬರುತ್ತದೆಂದು ಗೊತ್ತಿತ್ತು. ನೋಡೋಣ, ಕೂತು ಮಾತಾಡೋಣ, ಸಮಿತಿಯ ಮುಂದಿಡೋಣ ಎನ್ನುತ್ತ ಅಡ್ಡಗೋಡೆಯ ಮೇಲೆ ದೀಪ ಇಡುತ್ತಾರೆ, ಅಷ್ಟರಲ್ಲಿ ತೊಟ್ಟಿಯ ನೀರು ಕೆಡುತ್ತದೆ. ಆಗಲೇ ಒಂದು ಕಡಲಹೂವು ಬುಡ ಬಿಟ್ಟು ತೇಲಲು ಶುರು ಮಾಡಿತ್ತು. ಜೊತೆಗೆ ಇನ್ನೊಂದು ಮಾತು ನನ್ನ ತಲೆಯಲ್ಲಿ ಕೂತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅಂಟಿಸಿದರೆ ಪಂಪು ವಾಪಸ್ ಹೋಗುವುದಿಲ್ಲ. ಹೋಗದ ಪಂಪು ಇರುವ ಘಟಕವನ್ನು ಮುಚ್ಚುವುದು ಅಷ್ಟು ಸುಲಭವಲ್ಲ, ಅದಕ್ಕೆ ಯಾರಾದರೂ ಮೇಲಿನವರು ಕಾರಣ ಕೊಟ್ಟು ಹೆಸರು ಹಾಕಬೇಕು. ಹೆಸರು ಹಾಕಲು ಅಲ್ಲಿ ಯಾರಿಗೂ ಇಷ್ಟವಿರುವುದಿಲ್ಲ.

“ವೇಂಡ,” ಅಂದೆ. ಬೇಡ.

ಮರಳುಕಾಗದದಿಂದ ಪೈಪಿನ ಹೊಳಪು ತೆಗೆದೆ. ಜಿಡ್ಡು ತೆಗೆಯುವ ದ್ರಾವಣದಲ್ಲಿ ಬಟ್ಟೆ ಅದ್ದಿ ಎರಡೂ ಮೈ ಒರೆಸಿದೆ. ಎಷ್ಟು ಒಳಗೆ ಹೋಗಬೇಕೋ ಅಲ್ಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಬಾಯಿಯ ಒಳಗೆ ತೆಳುವಾಗಿ, ಪೈಪಿನ ಮೇಲೆ ತುಸು ದಪ್ಪವಾಗಿ ಅಂಟು ಬಳಿದು, ಒತ್ತಿ, ಕಾಲು ಸುತ್ತು ತಿರುಗಿಸಿ, ಗೆರೆ ಮುಟ್ಟಿದ ಮೇಲೆ ಬಿಡದೆ ಹಿಡಿದುಕೊಂಡೆ. ಹೊಸ ಅಂಟು ಪೈಪನ್ನು ಹಿಂದಕ್ಕೆ ತಳ್ಳುತ್ತದೆ, ಕೈಬಿಡಬಾರದು. ಒಂದು ಬಾಯಿ ಮುಗಿಸಿ ಇನ್ನೊಂದಕ್ಕೂ ಹಾಗೆಯೇ ಮಾಡಿದೆ. ಬಹಳ ದಿನದಿಂದ ನುಂಗಿಕೊಂಡಿದ್ದನ್ನು ಯಾರಿಗೋ ಎದುರಿಗೇ ಹೇಳಿದಷ್ಟು ಹಗುರಾಯಿತು.

ಪೂರ್ತಿ ಒಂದು ದಿನ ಒಣಗಲು ಬಿಟ್ಟೆವು. ಅಂಟಿನ ವಾಸನೆ ಇರುವವರೆಗೆ ತೊಟ್ಟಿಗೆ ನೀರು ಬಿಡುವಂತಿಲ್ಲ. ಸಿಹಿನೀರು ಓಡಿಸಿ ಚೆಲ್ಲಿದೆವು, ಮತ್ತೆ ಓಡಿಸಿ ಚೆಲ್ಲಿದೆವು. ತಿರುಪಿನ ಹತ್ತಿರ ಒಂದು ಹನಿ ಕಾಣಿಸಿಕೊಂಡಿತು. ಬಿಗಿದರೆ ಪ್ಲಾಸ್ಟಿಕ್ ಸೀಳುತ್ತದೆಂದು ಬಿಚ್ಚಿ, ಬಿಳಿ ಟೇಪನ್ನು ಇನ್ನೆರಡು ಸುತ್ತು ಹೆಚ್ಚಿಗೆ ಸುತ್ತಿ ಚೇಟ್ಟನೇ ಕೂರಿಸಿದರು. ಅಂಟಿನ ಕೆಲಸ ಅಲ್ಲವಲ್ಲ, ಅಂದರು. ಆಮೇಲೆ ಕಡಲ ನೀರು ಬಿಟ್ಟೆವು. ಬೆರಳಿಗೆ ಟಿಶ್ಯೂ ಕಾಗದ ಸುತ್ತಿಕೊಂಡು ಒಂದೊಂದು ಜೋಡಣೆಯ ಸುತ್ತಲೂ ಸವರಿದೆ. ಕಾಗದ ಒಣಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ತೇಲುತ್ತಿದ್ದ ಕಡಲಹೂವು ಕಲ್ಲಿಗೆ ಕಾಲೂರಿತು. ಅದರ ಮೀನಿನ ಜೋಡಿ ಒಳಗೆ ನುಗ್ಗಿ ಮೈ ಉಜ್ಜತೊಡಗಿತು. ಚೇಚಿ ಅತ್ತರು. ನಾನೂ ಅತ್ತೆ, ಅದರಲ್ಲೇನು.

ಪಂಪು ವಾಪಸ್ ಕಳಿಸುವ ಗಡುವು ಮುಗಿಯುವ ಮುಂಚಿನ ದಿನ ಖರೀದಿ ಅಧಿಕಾರಿ ಬೆಳಗಿನ ರೈಲಿಗೆ ಬಂದಿಳಿದರು. ಜೊತೆಗೆ ಒಂದು ಬಾಡಿಗೆ ವ್ಯಾನು, ಪ್ಯಾಕಿಂಗಿನ ಇಬ್ಬರು, ಥರ್ಮೋಕೋಲ್ ಪೆಟ್ಟಿಗೆಗಳು. ಒಳಗೆ ಬಂದವರು ನೀರಿನ ಸದ್ದು ಕೇಳಿ ನಿಂತರು. ತೊಟ್ಟಿಗಳ ಮುಂದೆ ಒಂದು ಸುತ್ತು ನಡೆದರು. ಬಗ್ಗಿ ಪಂಪು ನೋಡಿದರು.

“ಪರ್ವಾಗಿಲ್ವೇ, ಓಡಿಸ್ಬಿಟ್ಟಿದೀರಿ. ಆದ್ರೂ ಅಲ್ಲಿ ಎಲ್ಲ ತೀರ್ಮಾನ ಆಗ್ಬಿಟ್ಟಿದೆ ನೋಡಿ. ಇದನ್ನ ಬಿಚ್ಚೋಕೆ ಆಗತ್ತಲ್ಲ?”

“ಪಂಪ್ ಬರತೈತ್ರಿ ಸರ. ಅದರ ಬಾಯಿ ಬರಂಗಿಲ್ಲ.”

“ಅಂದ್ರೆ?”

“ಎರಡೂ ಬಾಯಿ ಅಂಟಿಸೀನಿ. ತಗೀಬೇಕಂದ್ರ ಕೊಯ್ಯಬೇಕು. ಕೊಯ್ದ ಮ್ಯಾಲ ಕಂಪನಿಯವರು ತಗೊಳ್ಳಂಗಿಲ್ಲ.”

ಅವರ ಮುಖ ಕೆಂಪಾಯಿತು. ಆದರೂ ದನಿ ಏರಲಿಲ್ಲ, ಅದು ಅವರ ಗುಣ. ಪ್ಯಾಕಿಂಗಿನವರನ್ನು ಹೊರಗೆ ಕಳಿಸಿ, ಹತ್ತಿರ ಬಂದು ಮೆಲ್ಲಗೆ ಹೇಳಿದರು. “ನೋಡಿ, ನೀವು ನಮ್ಮೋರು ಅಂತ ಹೇಳ್ತಿದೀನಿ. ಮುಂದಿನ ತಿಂಗ್ಳು ನಿಮ್ ಗುತ್ತಿಗೆ ಮುಗಿಯತ್ತೆ. ಗೊತ್ತಿಲ್ದೆ ಆಗ್ಹೋಯ್ತು ಅನ್ನಿ. ಪ್ಲಂಬರ್ ತಪ್ಪು ತಿಳ್ಕೊಂಡ ಅನ್ನಿ. ನಾನು ಅಷ್ಟಕ್ಕೇ ಮುಗಿಸ್ತೀನಿ.”

ಅವರು ನನ್ನ ಒಳ್ಳೆಯದಕ್ಕೇ ಹೇಳಿದರು, ಅದರಲ್ಲಿ ಅನುಮಾನವಿಲ್ಲ. ಚೇಟ್ಟ ಬಾಗಿಲಲ್ಲಿ ನಿಂತಿದ್ದರು. ಕನ್ನಡ ತಿಳಿಯದಿದ್ದರೂ ಪ್ಲಂಬರ್ ಎಂಬ ಮಾತು ಅವರ ಕಿವಿಗೆ ಬಿದ್ದಿತ್ತು.

“ಅವರು ಮುಟ್ಟಿಲ್ರಿ,” ಅಂದೆ. “ನಾ ಅಂಟಿಸೀನಿ. ಗೊತ್ತಿದ್ದ ಮಾಡೀನಿ. ಬೇಕಂತನ ಮಾಡೀನ್ರಿ ಸರ.”

ಅವರು ಹೊರಗೆ ಹೋಗಿ ಫೋನಿನಲ್ಲಿ ಯಾರೊಂದಿಗೋ ಮಾತಾಡಿದರು. ಖಾಲಿ ಪೆಟ್ಟಿಗೆಗಳು ಖಾಲಿಯಾಗಿಯೇ ವ್ಯಾನು ಹತ್ತಿದವು.

ನನ್ನ ಗುತ್ತಿಗೆ ಮುಂದುವರಿಯಲಿಲ್ಲ. ಈಗ ಒಂದು ಖಾಸಗಿ ಕಂಪನಿಗಾಗಿ ಐಟಿ ಪಾರ್ಕಿನ ಕಟ್ಟಡಗಳಲ್ಲಿ ಬರೀ ನೋಡಲು ಇಟ್ಟ ಮೀನುಗಳ ತೊಟ್ಟಿ ನೋಡಿಕೊಳ್ಳುತ್ತೇನೆ. ಘಟಕ ನಡೆಯುತ್ತಿದೆ. ಮರಿ ತರಲು ಹೋದಾಗಲೆಲ್ಲ ಚೇಚಿ ಅಲ್ಲಿಂದಲೇ ಫೋನು ಮಾಡುತ್ತಾರೆ. ಯಾವ ಜೋಡಿ ಮೊಟ್ಟೆ ಇಟ್ಟಿದೆ, ಯಾವುದು ಜಗಳವಾಡುತ್ತಿದೆ ಎಂದು ವರದಿ ಒಪ್ಪಿಸುತ್ತಾರೆ. ಪೈಪು ಹೇಗಿದೆ ಎಂದು ಕೇಳುತ್ತೇನೆ.

“ಅದನ್ನು ಕೊಯ್ಯಲು ಗರಗಸ ಹಿಡಿದುಕೊಂಡು ಯಾರೂ ಬಂದಿಲ್ಲ, ಮೋಳೆ,” ಅನ್ನುತ್ತಾರೆ.